ಹುಳಿಯಿಲ್ಲದ ಪುಲ್ಲಂಪುರಚಿ

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಮೈಸೂರಿನಿಂದ ಇಂಗ್ಲೆಂಡಿನ ಲೀಡ್ಸ್‌ಗೆ ಬಂದಿದ್ದೇನೆ. ಹಿತ್ತಲಿನ ಹುಲ್ಲಿನ ತುಂಬ ನಮ್ಮ ಪುಲ್ಲಂಪುರಚಿಯಂಥದ್ದೇ ಮೂರೆಲೆಯ ಗಿಡ. ತಂಬುಳಿ ಮಾಡೋಣವೆಂದು ಒಂದೆಲೆ ಅಗಿದು ನೋಡಿದರೆ ಹುಳಿಯೇ ಇಲ್ಲ! ಹೂವು ಬಿಳಿ, ಚೆಂಡಿನ ಹಾಗೆ. ಇದು ಯಾವ ಗಿಡ? ಅಳಿಯಂದಿರು ಕಿತ್ತೆಸೆಯಬೇಕು ಎನ್ನುತ್ತಿದ್ದಾರೆ.

ಉತ್ತರ: ಅರ್ಧ ಉತ್ತರವನ್ನು ನಿಮ್ಮ ನಾಲಿಗೆಯೇ ಹೇಳಿದೆ. (ಗುರುತಿಲ್ಲದ ಸೊಪ್ಪನ್ನು ಹಾಗೆಲ್ಲ ಅಗಿಯಬೇಡಿ; ಬಾಣಂತಿಯ ಮನೆಯಲ್ಲಂತೂ ಬೇಡವೇ ಬೇಡ.) ಅದು ಬಿಳಿ ಕ್ಲೋವರ್. ಪುಲ್ಲಂಪುರಚಿಗೆ ಅದು ನೆಂಟನಲ್ಲ, ಮೆಂತ್ಯಕ್ಕೆ ನೆಂಟ. ಮನೆಯಲ್ಲಿ ಮೆಂತ್ಯ ಸೊಪ್ಪಿದ್ದರೆ ಒಂದೆಲೆಯನ್ನು ಪಕ್ಕದಲ್ಲಿಟ್ಟು ನೋಡಿ: ಎರಡರಲ್ಲೂ ಮೂರು ಕಿರುಎಲೆ, ಅಂಚಿನಲ್ಲಿ ಸಣ್ಣ ಹಲ್ಲು. ಪುಲ್ಲಂಪುರಚಿಯ ಕಿರುಎಲೆಗೆ ಹಲ್ಲಿಲ್ಲ, ತುದಿ ಸೀಳಿ ಹೃದಯದಾಕಾರ. ಹೂವು ಹಳದಿ, ಐದೆಸಳು.

ಕ್ಲೋವರ್ ಎಲೆಯ ಮೇಲೆ ಸುಣ್ಣದಲ್ಲಿ ಬರೆದಂತೆ ಮಸುಕು ಬಿಳಿಯ ಕಮಾನಿರುತ್ತದೆ. ಅದೊಂದನ್ನೇ ನಂಬಬೇಡಿ, ಕೆಲವು ಗಿಡಗಳಲ್ಲಿ ಅದಿರುವುದಿಲ್ಲ, ಕೆಂಪು ಕ್ಲೋವರ್‌ನಲ್ಲೂ ಇರುವುದುಂಟು. ಊಟಿಯ ಹುಲ್ಲಿನಲ್ಲಿ ವಿದ್ಯಾರ್ಥಿಗಳಿಗೆ ಇದನ್ನು ತೋರಿಸುವಾಗ ನಾನು ಹೂವಿನ ತೊಟ್ಟನ್ನೇ ಹಿಡಿಸುತ್ತಿದ್ದೆ. ತೊಟ್ಟನ್ನು ಬೆರಳಿನಿಂದ ಕೆಳಕ್ಕೆ ಸವರಿಕೊಂಡು ಹೋಗಿ. ನಡುವೆ ಒಂದೂ ಎಲೆಯಿಲ್ಲದೆ ಅದು ನೆಲದ ಮೇಲೆ ಹರಿದ ಬಳ್ಳಿಗೆ ಸೇರುತ್ತದೆ. ಬಳ್ಳಿ ಗೆಣ್ಣುಗೆಣ್ಣಿಗೂ ಬೇರು ಬಿಟ್ಟಿರುತ್ತದೆ. ಕೆಂಪು ಕ್ಲೋವರ್‌ನಲ್ಲಾದರೆ ಹೂಚೆಂಡಿನ ಕತ್ತಿಗೇ ಎಲೆ ಅಂಟಿಕೊಂಡಿರುತ್ತದೆ.

ಚೆಂಡು ಎಂದಿರಲ್ಲ, ಅದು ಒಂದು ಹೂವಲ್ಲ; ಅವರೆ ಹೂವಿನ ಜಾತಿಯ ಹತ್ತಾರು ಪುಟ್ಟ ಹೂಗಳ ಗೊಂಚಲು. ಜೇನು ಬಂದುಹೋದ ಕೆಳಗಿನ ಹೂಗಳು ಕಂದು ಬಣ್ಣಕ್ಕೆ ತಿರುಗಿ ಲಂಗದಂತೆ ಜೋತುಬಿದ್ದರೆ, ಮೇಲಿನವು ಇನ್ನೂ ಬೆಳ್ಳಗೆ ನೆಟ್ಟಗಿರುತ್ತವೆ.

ಇನ್ನು ಅಳಿಯಂದಿರಿಗೆ. ಹುಲ್ಲನ್ನು ಎಷ್ಟು ಕತ್ತರಿಸಿದರೂ, ತುಳಿದರೂ ನೆಲಕ್ಕಂಟಿದ ಬಳ್ಳಿ ಉಳಿಯುತ್ತದೆ. ಹುಲ್ಲು ಗಿಡ್ಡವಾದಷ್ಟೂ ಅದಕ್ಕೆ ಬಿಸಿಲು ಹೆಚ್ಚು. ಕೀಳುವ ಮೊದಲು ಒಂದು ಬೇರನ್ನೆಬ್ಬಿಸಿ, ಅದರ ಮೇಲಿನ ಪುಟ್ಟ ಗಂಟೊಂದನ್ನು ಉಗುರಿನಿಂದ ಸೀಳಲು ಹೇಳಿ. ಒಳಗೆ ನಸುಗೆಂಪು ಕಂಡರೆ, ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತಿವೆ ಎಂದರ್ಥ. ಪಕ್ಕದ ಹುಲ್ಲಿಗೂ ಕ್ರಮೇಣ ಅದರಲ್ಲಿ ಪಾಲು ಸಿಗುತ್ತದೆ. ನಾನಾಗಿದ್ದರೆ ಕೀಳುತ್ತಿರಲಿಲ್ಲ. ಹೂವಿರುವಷ್ಟು ದಿನ ಬರಿಗಾಲಿನಲ್ಲಿ ಮಾತ್ರ ಓಡಾಡಬೇಡಿ, ಜೇನ್ನೊಣಗಳಿರುತ್ತವೆ.