ಗೋಪಾಲಗೌಡರು ಮಂತ್ರಿ ಆಗಲಿಲ್ಲ ಯಾಕೆ?

ಶಾಂತವೇರಿ ಗೋಪಾಲಗೌಡರು ಮೂರು ಸಲ ವಿಧಾನಸಭೆಗೆ ಗೆದ್ದೂ ಯಾಕೆ ಮಂತ್ರಿ ಆಗಲಿಲ್ಲ ಅಂತ ಕೇಳಿದ್ದೀರಿ. ಕಾರಣ ಸರಳ. ಅವರು ಸಮಾಜವಾದಿ. ಅವರು ಶಾಸಕರಾಗಿದ್ದಷ್ಟು ಕಾಲವೂ ಸರ್ಕಾರ ನಡೆಸಿದ್ದು ಕಾಂಗ್ರೆಸ್. ಅಧಿಕಾರ ಬೇಕಿದ್ದರೆ ಪಕ್ಷ ಬಿಡಬೇಕಿತ್ತು, ಅಲ್ವಾ?

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ನಡೆದ ರೈತರ ಸತ್ಯಾಗ್ರಹದಲ್ಲಿ ಗೇಣಿದಾರರ (ಬೇರೆಯವರ ಜಮೀನು ಉಳುವ ರೈತರ) ಪರ ನಿಂತ ಬಲದಿಂದಲೇ 1952ರಲ್ಲಿ ಸಾಗರ-ಹೊಸನಗರದಿಂದ ಗೆದ್ದರು. 1957ರಲ್ಲಿ ಸೋಲು. ಮತ್ತೆ 1962, 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಸದನದಲ್ಲಿ ಗೇಣಿದಾರರ ವಿಷಯ ಬಿಡಲೇ ಇಲ್ಲ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಡಿ ಅಂತಲೂ ಒತ್ತಾಯಿಸಿದರು. ನನ್ನ ಮಟ್ಟಿಗೆ ಎಷ್ಟೋ ಮಂತ್ರಿಗಳಿಗಿಂತ ಇವರ ಕೆಲಸವೇ ಜಾಸ್ತಿ.

1972ರಲ್ಲಿ ತೀರಿಕೊಂಡರು, ಐವತ್ತೂ ತುಂಬಿರಲಿಲ್ಲ. ಮರುವರ್ಷ ರಾಜ್ಯದ ಹೆಸರು ಬದಲಾಯಿತು. ಗೇಣಿದಾರರಿಗೆ ಭೂಮಿ ಕೊಡಿಸಿದ ದೇವರಾಜ ಅರಸು ಸರ್ಕಾರದ ಭೂಸುಧಾರಣಾ ಕಾಯ್ದೆ ತಿದ್ದುಪಡಿ 1974ರಲ್ಲಿ ಜಾರಿಗೆ ಬಂತು.