ಪಟ್ಟಿ ಬಾಯಿಪಾಠವಾದ ಮೇಲೆ ಡ್ರೈಡನ್

ಹದಿನೇಳನೇ ಶತಮಾನದ ಇಂಗ್ಲಿಷ್ ಕವಿ ಡ್ರೈಡನ್‌ನ ‘ಆಬ್ಸಲಮ್ ಅಂಡ್ ಅಕಿಟೊಫೆಲ್’ ತನ್ನ ಕಾಲದ ರಾಜಕೀಯವನ್ನು ಬೈಬಲ್ಲಿನ ಕಥೆಯ ಮರೆಯಲ್ಲಿ ಹೇಳುವ ಪದ್ಯ; ಆ ಕಥೆಯಲ್ಲಿ ಅಬ್ಷಾಲೋಮ ಸಲಹೆಗಾರ ಅಹೀತೋಫೆಲನ ಜೊತೆಗೂಡಿ ತಂದೆ ದಾವೀದ ರಾಜನ ಮೇಲೆ ದಂಗೆಯೇಳುತ್ತಾನೆ. ಅದನ್ನು ಓದುತ್ತಿರುವ ನೀವು ಕೇಳಿದ್ದೀರಿ: “ದಾವೀದ ಅಂದರೆ ಇಂಗ್ಲೆಂಡಿನ ರಾಜ ಎರಡನೇ ಚಾರ್ಲ್ಸ್, ಅಬ್ಷಾಲೋಮ ಅಂದರೆ ಅವನ ಮಗ ಮಾನ್ಮತ್, ಅಹೀತೋಫೆಲ ಅಂದರೆ ಶಾಫ್ಟ್ಸ್‌ಬರಿ ಎಂದು ಗೈಡಿನಲ್ಲಿ ಪಟ್ಟಿಯಿದೆ. ಅದು ಬಾಯಿಪಾಠವಾದ ಮೇಲೆ ಪದ್ಯದಲ್ಲಿ ಉಳಿಯುವುದೇನು?”

ಬೇಕಾದಷ್ಟು ಉಳಿಯುತ್ತದೆ. ಪಟ್ಟಿ ಎಲ್ಲಿ ಕೈಕೊಡುತ್ತದೋ ಅಲ್ಲಿಂದ ಓದಿ ನೋಡಿ.

ಮೊದಲ ಹತ್ತು ಸಾಲನ್ನೇ ತೆಗೆದುಕೊಳ್ಳಿ. ರಾಣಿ ಕ್ಯಾಥರೀನ್‌ಗೆ ಮಕ್ಕಳಿರಲಿಲ್ಲ. ಚಾರ್ಲ್ಸ್‌ನ ಹೊರಸಂಬಂಧಗಳಲ್ಲಿ ಹುಟ್ಟಿದವರು ಹಲವರು, ಮಾನ್ಮತ್ ಅವರಲ್ಲೊಬ್ಬ. ಲಂಡನ್ನಿಗೆಲ್ಲ ಗೊತ್ತಿದ್ದ ಈ ಗುಟ್ಟನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಡ್ರೈಡನ್ ಅದರಿಂದಲೇ ಶುರುಮಾಡುತ್ತಾನೆ: ಪುರೋಹಿತಶಾಹಿ ಇನ್ನೂ ತಲೆಯೆತ್ತದ, ಬಹುಪತ್ನಿತ್ವ ಪಾಪವೆನಿಸದ ಭಕ್ತಿಯ ಕಾಲವಂತೆ, ಆಗ ರಾಜನು ಸೃಷ್ಟಿಕರ್ತನ ಪ್ರತಿರೂಪವನ್ನು ನಾಡಿನ ತುಂಬ ಚೆಲ್ಲಿದನಂತೆ! ಇದು ಹೊಗಳಿಕೆಯೋ ಕೀಟಲೆಯೋ? ಎರಡೂ ಹೌದು ಅಂತ ನನ್ನ ಅಭಿಪ್ರಾಯ. ಬರೆದವನು ಆಸ್ಥಾನಕವಿ ಎಂಬುದನ್ನೂ ನೆನಪಿಡಿ.

ಪದ್ಯ ಹೊರಬಂದದ್ದು 1681ರ ನವೆಂಬರಿನಲ್ಲಿ. ಚಾರ್ಲ್ಸ್‌ನ ಕ್ಯಾಥೊಲಿಕ್ ತಮ್ಮ ಜೇಮ್ಸ್‌ಗೆ ಪಟ್ಟ ತಪ್ಪಿಸಬೇಕೆಂದು ಹೋರಾಡಿದ ಶಾಫ್ಟ್ಸ್‌ಬರಿ ಆಗ ರಾಜದ್ರೋಹದ ಆರೋಪ ಹೊತ್ತು ಲಂಡನ್ ಟವರ್‌ನ ಸೆರೆಯಲ್ಲಿದ್ದ. ಕೆಲವೇ ದಿನಗಳಲ್ಲಿ ಜ್ಯೂರಿ ಅವನನ್ನು ಬಿಟ್ಟಿತು. ವಿಚಿತ್ರವೆಂದರೆ, ಎರಡನೇ ಮುದ್ರಣಕ್ಕೆ ಡ್ರೈಡನ್ ಹೊಸ ಸಾಲುಗಳನ್ನು ಸೇರಿಸಿ ಇದೇ ಶಾಫ್ಟ್ಸ್‌ಬರಿಯನ್ನು ಮೆಚ್ಚಿದ: ನ್ಯಾಯಪೀಠದಲ್ಲಿ ಲಂಚ ಮುಟ್ಟದವನು, ನೊಂದವರ ಕೈಗೆಟುಕುವವನು ಎಂದು. ಔದಾರ್ಯವೇ? ನನಗೆ ಹಾಗನ್ನಿಸುವುದಿಲ್ಲ. ಇಷ್ಟು ಬಲ್ಲವನೇ ದಾರಿ ತಪ್ಪಿದ ಎಂದರೆ ಅದು ತಿಳಿಯದೆ ಮಾಡಿದ್ದಲ್ಲ ಎಂದಾಯಿತು. ಬರಿಯ ಬೈಗುಳಕ್ಕೆ ಆ ಮೊನಚು ಬರುತ್ತಿರಲಿಲ್ಲ.

ಬಕಿಂಗ್‌ಹ್ಯಾಮ್ ಡ್ಯೂಕ್ 1671ರಲ್ಲಿ ರಂಗದ ಮೇಲೆ ಡ್ರೈಡನ್‌ನನ್ನು ಗೇಲಿ ಮಾಡಿದ್ದ. ಹತ್ತು ವರ್ಷದ ಬಾಕಿ, ಪದ್ಯದಲ್ಲಿ ಅವನನ್ನೇ ಚಿತ್ರಿಸುವ ಜಿಮ್ರಿಯ ಪಾತ್ರದಲ್ಲಿ ಬಡ್ಡಿಸಮೇತ ಚುಕ್ತಾ ಆಗಿದೆ.

ಇನ್ನು ಕೊನೆ. ಬೈಬಲ್ಲಿನ ಅಬ್ಷಾಲೋಮ ಮರಕ್ಕೆ ಸಿಕ್ಕಿಕೊಂಡು ಕೊಲೆಯಾಗುತ್ತಾನೆ, ಅಹೀತೋಫೆಲ ನೇಣು ಹಾಕಿಕೊಳ್ಳುತ್ತಾನೆ. ಡ್ರೈಡನ್ ಎರಡನ್ನೂ ಬಿಟ್ಟು, ರಾಜನಿಂದ ಒಂದು ಭಾಷಣ ಮಾಡಿಸಿ ಮುಗಿಸಿಬಿಡುತ್ತಾನೆ. ಹದಿನೆಂಟನೇ ಶತಮಾನದ ವಿಮರ್ಶಕ ಸ್ಯಾಮ್ಯುಯೆಲ್ ಜಾನ್ಸನ್‌ಗೆ ಈ ಮುಕ್ತಾಯ ಹಿಡಿಸಲಿಲ್ಲ. ಆದರೆ ರಾಜನ ಮುದ್ದಿನ ಮಗನನ್ನು ರಾಜನ ಕಣ್ಣೆದುರೇ ಕಾಗದದ ಮೇಲೆ ಕೊಲ್ಲುವುದು ಹೇಗೆ? 1685ರಲ್ಲಿ ಚಾರ್ಲ್ಸ್ ತೀರಿಕೊಂಡ ಮೇಲೆ ಮಾನ್ಮತ್ ಚಿಕ್ಕಪ್ಪ ಜೇಮ್ಸ್ ವಿರುದ್ಧ ದಂಗೆಯೆದ್ದು, ಸೆಜ್‌ಮೂರ್‌ನಲ್ಲಿ ಸೋತು, ತಲೆ ಕಳೆದುಕೊಂಡ.

ಸಮುವೇಲನ ಎರಡನೇ ಪುಸ್ತಕದ 13ರಿಂದ 18ನೇ ಅಧ್ಯಾಯಗಳನ್ನು ಪಕ್ಕದಲ್ಲಿಟ್ಟುಕೊಂಡು ಮತ್ತೊಮ್ಮೆ ಓದಿ. ಕವಿ ಎಲ್ಲೆಲ್ಲಿ ಮೂಲಕಥೆಯ ಜಾಡು ಬಿಟ್ಟಿದ್ದಾನೆಂದು ಗುರುತು ಹಾಕಿ, ಬರೆಯಿರಿ.

— ಸಂ.