ಸಹಿ ರಾಷ್ಟ್ರಪತಿಯದು, ನಿರ್ಧಾರ ಯಾರದು?

ಪ್ರಶ್ನೆ: ಕೇಂದ್ರದ ಕಾರ್ಯಾಂಗದ ಅಧಿಕಾರ ರಾಷ್ಟ್ರಪತಿಯದು ಎಂದು ಸಂವಿಧಾನದಲ್ಲಿ ಓದಿದೆ. ಹಾಗಿದ್ದ ಮೇಲೆ ಸರ್ಕಾರ ಕಳಿಸಿದ್ದಕ್ಕೆಲ್ಲ ಅವರು ಸಹಿ ಹಾಕಲೇಬೇಕೆ? ಹಾಕದೆ ಕೂತರೆ ಏನಾಗುತ್ತದೆ?

ಉತ್ತರ: ನೀವು ಓದಿರುವುದು 53ನೇ ವಿಧಿ. ಅದನ್ನು 74ನೇ ವಿಧಿಯ ಪಕ್ಕದಲ್ಲಿಟ್ಟು ಓದಬೇಕು. ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯಂತೆಯೇ ನಡೆಯಬೇಕು ಎಂಬುದನ್ನು 1976ರ 42ನೇ ತಿದ್ದುಪಡಿ ನೇರವಾಗಿ ಬರೆದೇಬಿಟ್ಟಿತು. 1978ರ 44ನೇ ತಿದ್ದುಪಡಿ ಅದರಲ್ಲೊಂದು ಕಿಂಡಿ ಕೊರೆಯಿತು: ‘ಮತ್ತೊಮ್ಮೆ ಯೋಚಿಸಿ’ ಎಂದು ಒಂದು ಸಲ ಕಡತ ವಾಪಸ್ ಕಳಿಸಬಹುದು. ಮರುಪರಿಶೀಲಿಸಿ ಕೊಟ್ಟ ಸಲಹೆ ಏನೇ ಇರಲಿ, ಒಪ್ಪಲೇಬೇಕು.

ಕಿಂಡಿ ಸಣ್ಣದು, ಆದರೆ ಕೆಲಸಕ್ಕೆ ಬರುತ್ತದೆ. 1997ರಲ್ಲಿ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ ಶಿಫಾರಸನ್ನು ಕೆ.ಆರ್. ನಾರಾಯಣನ್ ಹಿಂದಿರುಗಿಸಿದರು. ಸಂಪುಟ ಅದನ್ನು ಮತ್ತೆ ಕಳಿಸುವ ಗೋಜಿಗೆ ಹೋಗಲಿಲ್ಲ.

ಮಸೂದೆಯ ಲೆಕ್ಕ ಬೇರೆ, ಅದು 111ನೇ ವಿಧಿ. ಅಂಕಿತ ಹಾಕಬಹುದು, ತಡೆಹಿಡಿಯಬಹುದು, ಇಲ್ಲವೇ ಸಂಸತ್ತಿಗೆ ಹಿಂದಿರುಗಿಸಬಹುದು. ತೆರಿಗೆ, ಸರ್ಕಾರಿ ಖರ್ಚಿನಂಥ ಹಣದ ವಿಷಯದ ಮಸೂದೆಯನ್ನು, ಅಂದರೆ ಧನ ಮಸೂದೆಯನ್ನು ಮಾತ್ರ ಹಿಂದಿರುಗಿಸುವಂತಿಲ್ಲ. ಸಂವಿಧಾನ ತಿದ್ದುಪಡಿ ಮಸೂದೆಗಾದರೆ 1971ರಿಂದೀಚೆಗೆ ಸಹಿ ಬಿಟ್ಟು ಬೇರೆ ದಾರಿಯಿಲ್ಲ. 2006ರಲ್ಲಿ ಲಾಭದಾಯಕ ಹುದ್ದೆ (ಸಂಸದರು ಹೊಂದುವಂತಿಲ್ಲದ ಸರ್ಕಾರಿ ಹುದ್ದೆ) ಕುರಿತ ಮಸೂದೆಯನ್ನು ಅಬ್ದುಲ್ ಕಲಾಂ ಹಿಂದಿರುಗಿಸಿದರು. ಎರಡೂ ಸದನಗಳು ಅದನ್ನೇ ಮತ್ತೆ ಅಂಗೀಕರಿಸಿದವು, ಕಲಾಂ ಸಹಿ ಹಾಕಿದರು.

ನಿಮ್ಮ ಎರಡನೇ ಪ್ರಶ್ನೆಯ ಕೀಲು ಇರುವುದು ಇಲ್ಲಿ: 111ನೇ ವಿಧಿ ಅಂಕಿತಕ್ಕೆ ದಿನಗಳ ಗಡುವು ಹಾಕಿಲ್ಲ. ಜನರ ಪತ್ರಗಳನ್ನು ತಡೆದು ನೋಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುತ್ತಿದ್ದ 1986ರ ಅಂಚೆ ತಿದ್ದುಪಡಿ ಮಸೂದೆಗೆ ಜೈಲ್ ಸಿಂಗ್ ಸಹಿಯನ್ನೂ ಹಾಕಲಿಲ್ಲ, ವಾಪಸ್ಸೂ ಕಳಿಸಲಿಲ್ಲ. ಮರುವರ್ಷ ಅವರ ಅವಧಿ ಮುಗಿಯಿತು. ಮಸೂದೆ ಕಾನೂನಾಗಲೇ ಇಲ್ಲ. ಆ ಮಸೂದೆ ಕೆಟ್ಟದ್ದೇ, ನಿಜ. ಆದರೂ ಸುಮ್ಮನೆ ಕೂರುವುದಕ್ಕಿಂತ ಕಾರಣ ಬರೆದು ಹಿಂದಿರುಗಿಸುವುದೇ ಸರಿ. ಸಂಸತ್ತು ಉತ್ತರ ಕೊಡಬೇಕಾಗುತ್ತದೆ.

ಕೇಳದೆ ಸಹಿ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ 1975ರ ಜೂನ್ 25ರ ರಾತ್ರಿ ನೋಡಿ. ಪ್ರಧಾನಿ ಒಬ್ಬರದೇ ಮಾತಿನ ಮೇಲೆ ಫಕ್ರುದ್ದೀನ್ ಅಲಿ ಅಹ್ಮದ್ ತುರ್ತು ಪರಿಸ್ಥಿತಿಗೆ ಸಹಿ ಹಾಕಿದರು. ಸಂಪುಟ ಸೇರಿ ಒಪ್ಪಿದ್ದು ಮರುದಿನ ಬೆಳಿಗ್ಗೆ. 44ನೇ ತಿದ್ದುಪಡಿಯ ನಂತರ ಸಂಪುಟದ ಲಿಖಿತ ನಿರ್ಧಾರ ಕೈಸೇರದೆ 352ನೇ ವಿಧಿಯಡಿ ಘೋಷಣೆ ಹೊರಡಿಸುವಂತಿಲ್ಲ.

ರಾಷ್ಟ್ರಪತಿ ಸ್ವಂತ ವಿವೇಚನೆ ಬಳಸಬೇಕಾಗಿ ಬರುವುದು ಲೋಕಸಭೆಯಲ್ಲಿ ಯಾರಿಗೂ ಬಹುಮತ ಇಲ್ಲದಾಗ. ಯಾರನ್ನು ಮೊದಲು ಕರೆಯಬೇಕೆಂದು ಸಂವಿಧಾನ ಹೇಳುವುದಿಲ್ಲ. 1979ರಲ್ಲಿ ನೀಲಂ ಸಂಜೀವ ರೆಡ್ಡಿ ಚರಣ್ ಸಿಂಗ್ ಅವರನ್ನು ಪ್ರಧಾನಿಯಾಗಿ ನೇಮಿಸಿದರು. ಅವರು ಲೋಕಸಭೆಯ ಮುಂದೆ ವಿಶ್ವಾಸಮತ ಕೇಳುವ ಮೊದಲೇ ರಾಜೀನಾಮೆ ಕೊಟ್ಟರು, ಲೋಕಸಭೆ ವಿಸರ್ಜಿಸಲು ಸಲಹೆಯನ್ನೂ ಕೊಟ್ಟರು. ಒಮ್ಮೆಯೂ ಬಹುಮತ ತೋರಿಸದವರ ಆ ಸಲಹೆಯಂತೆಯೇ ರೆಡ್ಡಿ ನಡೆದರು. ಸರ್ಕಾರ ರಚಿಸುತ್ತೇನೆಂದು ಮುಂದೆ ಬಂದಿದ್ದ ಜಗಜೀವನ್ ರಾಮ್ ಅವರಿಗೆ ಕರೆ ಬರಲಿಲ್ಲ.